ನಳಾ ಬಂದಾವು

ಜೀವವಿಲ್ಲದ ವಸ್ತುವನ್ನು ಮನುಷ್ಯರಂತೆ ಕಾಣಿಸುವುದಕ್ಕೆ ಮಾನವೀಕರಣ ಎನ್ನುತ್ತಾರೆ ಎಂದು ಗದಗಿನ ಕಾಲೇಜೊಂದರಲ್ಲಿ ಬಹಳ ವರ್ಷಗಳಿಂದ ಪಾಠ ಹೇಳುತ್ತ ಬಂದಿದ್ದೇನೆ. ನಗುವ ಚಂದ್ರ, ಅಳುವ ಮೋಡ, ಮುನಿಸಿಕೊಂಡ ಗಾಳಿ, ಇವೇ ನನ್ನ ಕಾಯಂ ಉದಾಹರಣೆಗಳು. ಇದೆಲ್ಲ ಕವಿಗಳಿಗೆ ಮಾತ್ರ ಸಾಧ್ಯ ಎಂದೇ ನಂಬಿದ್ದೆ. ಆದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಯಾರೂ ‘ನೀರು ಬಂತು’ ಎನ್ನುವುದಿಲ್ಲ. ‘ನಳಾ ಬಂದಾವು’ ಎನ್ನುತ್ತಾರೆ. ಗೋಡೆಗೆ ಕಚ್ಚಿಕೊಂಡು ಕೂತಿರುವ ನಳ ಎಲ್ಲಿಗೆ ಹೋಗಿತ್ತು, ಯಾವ ದಾರಿಯಲ್ಲಿ ಬಂತು ಎಂದು ಯಾರೂ ಕೇಳುವುದಿಲ್ಲ. ಬಂದಾವು, ಅಷ್ಟೆ. ನೀರು ನಿಂತ ಮೇಲೆ ‘ನಳಾ ಹೋದೂವು’. ಬೀಳ್ಕೊಟ್ಟ ದನಿಯಲ್ಲೇ ಹೇಳುತ್ತಾರೆ.

ಇದು ನನ್ನ ತಲೆಗೆ ಹೋದದ್ದು ತರಗತಿಯಲ್ಲಿ ಪೇಚಿಗೆ ಸಿಕ್ಕ ಮೇಲೆ. ಸೊರಟೂರಿನಿಂದ ಬರುವ ಸವಿತಾ ಎಂಬ ವಿದ್ಯಾರ್ಥಿನಿ ಎದ್ದು ನಿಂತು, “ಮೇಡಂ, ಹೇಳೂದನ್ನ ನೆಟ್ಟಗ ಹೇಳಿದ್ರ ಆಗೂದಿಲ್ಲೇನ್ರೀ? ಮನಶ್ಯಾಗ ದುಃಖ ಆದ್ರ ಮನಶ್ಯಾನ ಅಳಲಿ. ಮೋಡಕ್ಕ್ಯಾಕ ಆ ಕೆಲಸ ಹಚ್ಚಬೇಕು?” ಎಂದು ಕೇಳಿದಳು. ‘ಕೃತಿಯ ಆಶಯವನ್ನು ಪರಿಣಾಮಕಾರಿಯಾಗಿ ಮುಟ್ಟಿಸಲು’ ಎಂದು ಹೇಳಿದೆ. ಅವಳು ವಿಧೇಯಳಾಗಿ ಬರೆದುಕೊಂಡಳು. ಅವಳಿಗೆ ಏನೂ ಮುಟ್ಟಲಿಲ್ಲವೆಂದು ಮುಖವೇ ಹೇಳುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಮುಟ್ಟಿರಲಿಲ್ಲ. ಅದೇ ವಾರ ಲಕ್ಷ್ಮೇಶ್ವರದ ಕಥಾಗೋಷ್ಠಿಯಲ್ಲಿ ಓದಲು ಆಹ್ವಾನ ಬಂತು. ಒಂದು ಕಥೆ ಬರೆದು, ಆ ಹುಡುಗಿಯ ಪ್ರಶ್ನೆಗೆ ಉತ್ತರ ಕಂಡುಕೊಂಡೇ ತೀರುವುದೆಂದು ಹಟ ಹಿಡಿದೆ.

ಮೊದಲ ಸಲ ಬರೆದಾಗ ಮನೆಯ ಸಾಮಾನುಗಳೆಲ್ಲ ಬಾಯಿ ತೆರೆದವು. ಕೊಡಪಾನ ನಿಟ್ಟುಸಿರಿಟ್ಟಿತು, ಬಕೇಟು ಕಣ್ಣೀರಿಟ್ಟಿತು, ನೀಲಿ ಡ್ರಮ್ಮು ತನ್ನ ಒಂಟಿತನದ ಬಗ್ಗೆ ಎರಡು ಪುಟ ಮಾತಾಡಿತು. ನನ್ನ ಗಂಡನಿಗೆ ಓದಿ ತೋರಿಸಿದೆ. ಅವರು ಸಹಕಾರಿ ಸಂಘದಲ್ಲಿ ಕೆಲಸ ಮಾಡುವವರು. ಸಭೆಗಳಲ್ಲಿ ಬಹಳ ಭಾಷಣ ಕೇಳಿ ಪಳಗಿದವರು. “ಎಲ್ಲಾರೂ ಮಾತಾಡಾಕ ಹತ್ಯಾರ. ಕೇಳವ್ರು ಯಾರ?” ಎಂದರು. ಸಿಟ್ಟು ಬಂತು. ಆದರೆ ಮಾತು ಖರೆ ಇತ್ತು. ಡ್ರಮ್ಮಿನ ಬಾಯಿ ಮುಚ್ಚಿಸಿದೆ, ಬಕೇಟಿನ ಕಣ್ಣೊರೆಸಿದೆ. ಉಳಿದದ್ದು ನಳ ಒಂದೇ. ಅದನ್ನು ಮನೆಯ ಅಳಿಯನನ್ನಾಗಿ ಮಾಡಿದೆ. ಅವನು ಒಂದು ಮಾತನ್ನೂ ಆಡುವುದಿಲ್ಲ. ತಿಳಿಸದೆ ಬರುತ್ತಾನೆ, ಮನಸ್ಸು ಬಂದಾಗ ಎದ್ದು ಹೋಗುತ್ತಾನೆ. ಬಂದಾಗ ಅತ್ತೆ-ಸೊಸೆಯರು ಕೈಯಲ್ಲಿದ್ದುದನ್ನು ಬಿಟ್ಟು ಓಡಬೇಕು. ಬಾರದಿದ್ದಾಗ, ಈಗ ಬಂದಾನು ಎಂದು ಹೊಸ್ತಿಲು ದಾಟದೆ ಕಾಯಬೇಕು. ಬರೆಯುತ್ತ ಹೋದಂತೆ ಕಥೆ ನಳವನ್ನು ಬಿಟ್ಟು ಆ ಕಾಯುವ ಹೆಂಗಸರ ಕಡೆಗೆ ತಿರುಗಿತು. ನಾನು ತಿರುಗಿಸಿದ್ದಲ್ಲ.

ಅತ್ತೆಗೆ ಓದಿ ಹೇಳಿದೆ. ಅವರು ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಆಮೇಲೆ ನಗು ನಿಂತಿತು. “ಬೆಳ್ಳಟ್ಟ್ಯಾಗ ನಮ್ಮಕ್ಕನ ಮಗಳ ಕುಬಸಾ ಇತ್ತು. ಅವತ್ತ ನಳಾ ಬರ್ತಾವಂತ ನಾ ಹೋಗ್ಲೇ ಇಲ್ಲ. ನಮ್ಮಕ್ಕ ಇನ್ನೂ ಅದನ್ನ ಆಡಿ ತೋರಸ್ತಾಳ. ಅವತ್ತೂ ಬರ್ಲಿಲ್ಲ ನೋಡವಾ, ಅವು,” ಎಂದು ಎದ್ದು ಒಳಗೆ ಹೋದರು. ಬಸುರಿಗೆ ಮಾಡುವ ಆ ಕುಪ್ಪಸದ ಕಾರ್ಯಕ್ಕೆ ಹೋಗದಿದ್ದುದಕ್ಕೆ ಮೊಣಕಾಲು ನೋವು ಕಾರಣವೆಂದೇ ನಮಗೆಲ್ಲ ಹೇಳಿದ್ದರು. ನನಗೆ ಕಥೆ ಕೈಯಲ್ಲಿ ಭಾರವಾಯಿತು.

ಗೋಷ್ಠಿಯ ಭಾನುವಾರ ಇಳಕಲ್ ಸೀರೆ ಉಟ್ಟು, ಕಥೆಯ ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟುತ್ತಿದ್ದೆ. ಓಣಿಯ ತುದಿಯಿಂದ ಕೂಗು ಕೇಳಿಸಿತು: “ನಳಾ ಬಂದಾವ್ರೇ!” ನನ್ನ ಕಾಲು ತಾನಾಗಿಯೇ ಹಿತ್ತಲಿನ ಕಡೆ ತಿರುಗಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೊಡಪಾನ ಎತ್ತಿಯೂ ಬಿಟ್ಟೆ. ಅತ್ತೆ ಬಂದು ಅದನ್ನು ಕಿತ್ತುಕೊಂಡರು.

“ಎಲ್ಲಿಗೆ ಹೊಂಟಿದ್ದಿ?”

“ಲಕ್ಷ್ಮೇಶ್ವರಕ್ಕ. ಇವನ್ನಷ್ಟು ತುಂಬಿ ಮುಂದಿನ ಬಸ್ಸಿಗೆ ಹೋಗತೀನ್ರೀ ಅತ್ತಿ.”

“ಮುಂದಿನ ಬಸ್ಸು ಅನಕೊಂತ ನನ್ನ ಜಲ್ಮಾನ ಹೋತು. ನಡಿ, ಹೋಗು. ಇಂಥಾ ಕತಿ ಬರದಾಕಿನ ನಳದ ಮುಂದ ಕುಂತ್ರ ಅದನ್ನ ಯಾರು ನಂಬತಾರ?” ಎಂದು, ಪೇಪರ್ ಓದುತ್ತಿದ್ದ ಮಗನ ಕಡೆ ತಿರುಗಿ, “ಏಳಪಾ, ಅಳ್ಯಾ ಬಂದಾನ, ಉಪಚಾರ ಮಾಡು,” ಎಂದರು.

ಹೊರಟೇ ಬಿಟ್ಟೆ. ತುಂಬಿ ಹರಿಯುವ ನಳಕ್ಕೆ ಬೆನ್ನು ಹಾಕಿ ನಡೆಯುವುದು ಎಷ್ಟು ಕಷ್ಟವೆಂದು ಅನುಭವಿಸಿದವರಿಗೇ ಗೊತ್ತು. ಬಸ್ಸು ಮುಳಗುಂದ ದಾಟುವ ಹೊತ್ತಿಗೆ ಗಂಡನ ಫೋನು ಬಂತು: “ಕುಡಿಯೂ ನೀರಿಂದು ತಾಮ್ರದ ಹಂಡೇನೋ, ಸ್ಟೀಲಿಂದೋ?” ಹೇಳಿದೆ. ವೇದಿಕೆ ಹತ್ತುವಾಗ ಮತ್ತೆ ಬಂತು. ಸ್ವಿಚ್ ಆಫ್ ಮಾಡಿದೆ. ಜೀವನದಲ್ಲಿ ನಾನು ತೋರಿದ ಶೌರ್ಯಗಳಲ್ಲಿ ಇದಕ್ಕೆ ಮೊದಲ ಸ್ಥಾನ.

ಕಥೆ ಓದಿದೆ. ಅಳಿಯ ಬಂದಾಗಲೆಲ್ಲ ಜನ ನಕ್ಕರು. ಅತ್ತೆ ಕುಪ್ಪಸದ ಕಾರ್ಯಕ್ಕೆ ಹೋಗದೆ ಹೊಸ್ತಿಲಲ್ಲಿ ಕೂತ ಭಾಗಕ್ಕೆ ಬಂದಾಗ ಯಾರೂ ನಗಲಿಲ್ಲ. ಅತ್ತೆಯ ಒಪ್ಪಿಗೆ ಪಡೆದೇ ಅದನ್ನು ಸೇರಿಸಿದ್ದೆ. ‘ಹೆಸರೊಂದ ಹಾಕಬ್ಯಾಡ’ ಎಂದಿದ್ದರು. ಚರ್ಚೆ ಶುರುವಾದಾಗ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, “ಮೇಡಂ, ಅಳಿಯಂದಿರ ಮ್ಯಾಲೆ ಇಷ್ಟ್ಯಾಕ ಸಿಟ್ಟು ನಿಮಗ? ನಾನೂ ಒಬ್ಬ ಅಳಿಯ ಇದ್ದೀನಿ,” ಎಂದರು. ಸಭೆ ಗೊಳ್ಳೆಂದಿತು. ನಾನು ಆಶಯ, ಪರಿಣಾಮ ಎಂದು ತರಗತಿಯ ದನಿಯಲ್ಲಿ ಶುರು ಮಾಡುವಷ್ಟರಲ್ಲಿ ಹಿಂದಿನಿಂದ ಒಬ್ಬ ಹೆಣ್ಣುಮಗಳು ಎದ್ದು ನಿಂತಳು. “ಅದು ಅಳಿಯಂದೂ ಅಲ್ರೀ, ನಳದ್ದೂ ಅಲ್ಲ. ನಂದ ಕತಿ ಅದು,” ಎಂದು ಹೇಳಿ ಕೂತುಬಿಟ್ಟಳು. ಹಿರಿಯರು ಅವಳ ಕಡೆ ನೋಡಿ, “ಹೌದ್ ಬಿಡವಾ, ಖರೆ,” ಎಂದು ಮೆಲ್ಲಗೆ ಕುಳಿತರು.

ಮರುದಿನ ಸವಿತಾಳಿಗೆ ಇದನ್ನೇ ಹೇಳಿದೆ. ‘ಹೆಂಗಸರ ಆಯುಷ್ಯ ಕಾಯುವುದರಲ್ಲೇ ಕಳೆಯುತ್ತದೆ’ ಎಂದು ನೆಟ್ಟಗೆ ಹೇಳಿದ್ದರೆ ಎಲ್ಲರೂ ತಲೆದೂಗಿ ಚಹಕ್ಕೆ ಏಳುತ್ತಿದ್ದರು. ಅಳಿಯ ಎದುರಿಗೆ ಬಂದು ಕೂತದ್ದರಿಂದ, ಅವನಿಗಾಗಿ ಕಾದವರೂ ಕಣ್ಣಿಗೆ ಬಿದ್ದರು. ಅವಳು ಸ್ವಲ್ಪ ಯೋಚಿಸಿ, “ಈಗ ತಿಳೀತ್ರೀ,” ಎಂದಳು. ಈ ಸಲ ಏನನ್ನೂ ಬರೆದುಕೊಳ್ಳಲಿಲ್ಲ.

ಕಥೆಯ ಸುದ್ದಿ ನಮ್ಮ ಓಣಿಗೂ ಮುಟ್ಟಿತು, ಆದರೆ ಬೇರೆ ರೀತಿಯಲ್ಲಿ. ನಳದ ಬಗ್ಗೆ ಸಭೆಯಲ್ಲಿ ಮಾತಾಡಿ ಬಂದವಳಿಗೆ ನಳದ ಖಬರೂ ಗೊತ್ತಿರಲೇಬೇಕು ಎಂದು ಎಲ್ಲರೂ ತೀರ್ಮಾನಿಸಿದ್ದಾರೆ. ಈಗ ಕಾಲೇಜು ಮುಗಿಸಿ ತಿರುವಿಗೆ ಬಂದರೆ ಸಾಕು, ಕಟ್ಟೆಯ ಮೇಲೆ ಕೂತವರು ಎದ್ದು ನಿಲ್ಲುತ್ತಾರೆ: “ನಾಳೆರೆ ಬರ್ತಾವೇನ್ರೀ?” ಗೊತ್ತಿಲ್ಲವೆಂದರೆ, ಗೊತ್ತಿದ್ದೂ ಹೇಳುತ್ತಿಲ್ಲವೆಂದು ಮುಖ ಸಿಂಡರಿಸುತ್ತಾರೆ. ನಾನು ತಡವಾಗಿ ಬಂದರೆ ಬೇಸರ, ಬಾರದಿದ್ದರೆ ಸಿಟ್ಟು. ಮೊನ್ನೆ ನಾನು ಓಣಿಗೆ ಕಾಲಿಡುತ್ತಿದ್ದಂತೆ ಒಬ್ಬಾಕೆ ಮನೆಯೊಳಗೆ ಕೂಗಿ ಹೇಳಿದಳು, “ಏ, ನಳಾ ಬಂದಾವ ನೋಡ್ರೇ!” ನಾನೂ ಗಡಬಡಿಸಿ ಕೊಡಪಾನ ತರಲು ಮನೆಗೆ ಓಡಿದೆ. ಹಿತ್ತಲಿಗೆ ಹೋಗಿ ನೋಡಿದರೆ ನಳ ಒಣಗಿ ನಿಂತಿತ್ತು. ಆಕೆ ‘ನಳಾ’ ಎಂದದ್ದು ನನ್ನನ್ನು.