ಭಾನುವಾರದ ಒಂದು ತಾಸು

ಆ ಭಾನುವಾರ ಮಧ್ಯಾಹ್ನ ಬೇವಿನ ಮರದ ಕೆಳಗಿನ ಕಲ್ಲುಕಟ್ಟೆಯ ಮೇಲೆ ನಾವು ಐದು ಜನ ಕುಳಿತಿದ್ದೆವು. ನಮ್ಮ ಮಠದ ಹಿರಿಯರಾದ ಫಾದರ್, ಮಂಗಳೂರು ಕಡೆಯಿಂದ ಬಂದು ಇಲ್ಲಿಯೇ ಮುದುಕರಾದ ಬ್ರದರ್ ಈನಾಸ್, ತೋಟ ನೋಡಿಕೊಳ್ಳುವ ಇಬ್ಬರು ಬ್ರದರುಗಳು, ಮತ್ತು ನಾನು. ಐದು ಜನ ಎಂದದ್ದು ಕುಳಿತವರನ್ನು ಎಣಿಸಿ. ಮಾತಾಡುತ್ತಿದ್ದವನು ಒಬ್ಬನೇ. ಅವನು ಯಾರೆಂದು ಹೇಳಬೇಕಾಗಿಲ್ಲ. ಈಗಲೂ ಅವನೇ ಮಾತಾಡುತ್ತಿದ್ದಾನೆ.

ನಮ್ಮದು ವಾಡಿಗೂ ಶಹಾಬಾದಿಗೂ ನಡುವೆ ಇರುವ ಸಣ್ಣ ಕಥೋಲಿಕ ಸನ್ಯಾಸಿಗಳ ಮಠ. ಮಠ ಅಂದಕೂಡಲೇ ಸುತ್ತಲಿನ ರೈತರು ಬಂದು ಫಾದರಿಗೆ ಅಡ್ಡಬಿದ್ದು, "ದಾಸೋಹ ಯಾವಾಗ್ರಿ ಬುದ್ಧಿ?" ಎಂದು ಕೇಳುವುದುಂಟು. ಇಲ್ಲಿ ಎಲ್ಲವೂ ಗಂಟೆಯ ಪ್ರಕಾರ. ನಸುಕಿನಲ್ಲಿ ಏಳಲು ಗಂಟೆ, ದಿನಕ್ಕೆ ಏಳು ಸಲ ಪ್ರಾರ್ಥನೆಗೆ ಗಂಟೆ, ಉಣ್ಣಲು ಗಂಟೆ, ಉಂಡದ್ದು ಸಾಕು ಎನ್ನಲೂ ಗಂಟೆ. ಉಳಿದ ಹೊತ್ತೆಲ್ಲ ಮೌನ. ಊಟದಲ್ಲಿ ಒಬ್ಬರು ಸಂತರ ಚರಿತ್ರೆ ಓದುತ್ತಾರೆ, ಉಳಿದವರು ಸನ್ನೆಯಲ್ಲೇ ಉಪ್ಪು ಕೇಳುತ್ತಾರೆ. ಚಿಟಿಕೆ ತಿಕ್ಕಿದರೆ ಉಪ್ಪು, ಅಂಗೈ ತಟ್ಟಿದರೆ ರೊಟ್ಟಿ, ತುಟಿಯ ಮೇಲೆ ಬೆರಳಿಟ್ಟರೆ 'ಸುಮ್ಮನಿರು'. ಈ ಕೊನೆಯ ಸನ್ನೆಯನ್ನು ನನಗೆ ಮಾಡಿದಷ್ಟು ಸಲ ಇನ್ಯಾರಿಗೂ ಮಾಡಿಲ್ಲ. ವಾರಕ್ಕೊಮ್ಮೆ, ಭಾನುವಾರ ಊಟದ ನಂತರ, ಒಂದು ತಾಸು ಮಾತ್ರ ಮಾತಿಗೆ ಬಿಡುವು. ಐದು ಜನರ ಪಾಲಿಗೆ ಒಂದೇ ತಾಸು.

ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ನಮ್ಮ ಮುತ್ತಜ್ಜ ತೆಲುಗು ಸೀಮೆಯಿಂದ ಕಲ್ಲಿನ ಗಣಿಗೆ ಕೂಲಿಗೆ ಬಂದಾಗ ತಂದದ್ದು ಒಂದು ಸುತ್ತಿಗೆ ಮತ್ತು ಒಂದು ಶಿಲುಬೆ. ಅಜ್ಜಿ ಕಲ್ಲು ಪಾಲಿಶ್ ಮಾಡುವ ಯಾರ್ಡಿನಲ್ಲಿ ದುಡಿದವಳು. ಮಷೀನಿನ ಗದ್ದಲದ ಮೇಲೆ ಕೇಳುವಂತೆ ಮಾತಾಡಿ ಅಭ್ಯಾಸವಾದವಳು, ಮನೆಯಲ್ಲೂ ಹಾಗೆಯೇ ಮಾತಾಡುತ್ತಿದ್ದಳು. ನಾನು ಮಾತು ಕಲಿತದ್ದು ಅವಳ ಮಡಿಲಲ್ಲಿ. ನಾನು ಮಠ ಸೇರುತ್ತೇನೆ ಎಂದ ದಿನ ಮನೆಯವರೆಲ್ಲ ಅತ್ತರು, ಅಜ್ಜಿ ಮಾತ್ರ ನಕ್ಕಳು. "ಹೆಂಡ್ತಿ ಇಲ್ದಂಗ ಇರ್ತಿ ಅಂದ್ರ ನಂಬ್ತೀನಿ ಶೌರಪ್ಪ. ಮಾತಿಲ್ದಂಗ ಹ್ಯಾಂಗ ಇರ್ತೀಯೋ ನನ ಮಗನ? ಹೊಟ್ಟಿ ಒಡೀತದ ನಿಂದು!" ಹೊಟ್ಟೆ ಒಡೆಯಲಿಲ್ಲ. ಆರು ದಿನ ಕಟ್ಟಿಟ್ಟದ್ದನ್ನು ಏಳನೆಯ ದಿನ ಕಟ್ಟೆಯ ಮೇಲೆ ಸುರಿಯುವುದನ್ನು ಕಲಿತೆ.

ಬ್ರದರ್ ಈನಾಸರೂ ನಾನೂ ಹನ್ನೊಂದು ವರ್ಷ ಒಟ್ಟಿಗೆ ಭಾಂಡೆ ತಿಕ್ಕಿದೆವು. ಅವರು ತಿಕ್ಕುವುದು, ನಾನು ತೊಳೆಯುವುದು. ಮೌನದಲ್ಲಿ ಒಬ್ಬರ ಪಕ್ಕ ಒಬ್ಬರು ಅಷ್ಟು ವರ್ಷ ನಿಂತರೆ, ಅವರ ಕೆಮ್ಮಿನಲ್ಲಿ ಎಷ್ಟು ಬಗೆ ಎಂಬುದು ಗೊತ್ತಾಗುತ್ತದೆ. ಅವರ ಮನೆಯಲ್ಲಿ ಯಾರಿದ್ದಾರೆ ಎಂಬುದು ಗೊತ್ತಾಗುವುದಿಲ್ಲ. ನಾನು ಜೀವನಪರ್ಯಂತದ ವ್ರತ ತೊಡುವ ಸಮಯ ಹತ್ತಿರವಾದಾಗ ಮನಸ್ಸು ಹೊಯ್ದಾಡುತ್ತಿತ್ತು. ಊರಿಗೆ ಹೋಗಿಬಿಡಲೇ ಎಂದು ಪಾತ್ರೆ ತೊಳೆಯುತ್ತಲೇ ಅಳುತ್ತಿದ್ದೆ. ಆಗ ಆ ಮನುಷ್ಯ, ಎಂದೂ ನಿಯಮ ಮುರಿಯದವರು, ಮೆಲ್ಲಗೆ ಬಾಯಿಬಿಟ್ಟರು. "ಶೌರಪ್ಪ, ನಾನು ಯಾಕೆ ಮನೆ ಬಿಟ್ಟು ಬಂದೆ ಅಂತ ಇದುವರೆಗೆ ಯಾರ ಹತ್ತಿರವೂ ಹೇಳಲಿಲ್ಲ. ನಿನಗೆ ಹೇಳ್ಬೇಕು ಅಂತ ಉಂಟು. ಭಾನುವಾರ ಹೇಳ್ತೇನೆ." ಅಷ್ಟಕ್ಕೇ ನನ್ನ ಅಳು ನಿಂತಿತು. ಭಾನುವಾರದ ತನಕ ಇರಲೇಬೇಕಾಯಿತಲ್ಲ.

ಭಾನುವಾರ ಬಂತು. ಈನಾಸರು ಗಂಟಲು ಸರಿಮಾಡಿಕೊಂಡು, "ನಾನು ಮನೆ ಬಿಟ್ಟ ದಿನ ಮಳೆ ಬರ್ತಿತ್ತು" ಎಂದರು.

"ಮಳಿ ಅಂದ್ರ ನೆನಪಾತು ನೋಡ್ರಿ!" ಎಂದೆ ನಾನು.

ಕುರಕುಂಟಾ ಊರಿನ ನಮ್ಮ ಸೋದರಮಾವನ ಕಥೆ ಅದು. ಸೋರುವ ಮಾಳಿಗೆಯ ಕೆಳಗೆ ಹನಿ ಬಿದ್ದಲ್ಲಿಂದ ಹನಿ ಬೀಳದಲ್ಲಿಗೆ ಮಲಗುವ ಹೊರಸು ಸರಿಸುತ್ತ ಸರಿಸುತ್ತ ಪಡಸಾಲೆ ದಾಟಿ, ಬಾಗಿಲು ದಾಟಿ, ಕಡೆಗೆ ಅಂಗಳಕ್ಕೇ ಬಂದ ಮಾವ, ಅಲ್ಲಿ ಮಳೆ ನಿಂತು ಎಷ್ಟೋ ಹೊತ್ತಾಗಿದ್ದನ್ನು ನೋಡಿ ಹೆಂಡತಿಗೆ ಬೈದದ್ದು. ಫಾದರ್ ಹೊಟ್ಟೆ ಹಿಡಿದುಕೊಂಡು ನಕ್ಕರು. ಈನಾಸರ ಕಣ್ಣಲ್ಲೂ ನಗೆಯ ನೀರು. ಗಂಟೆ ಹೊಡೆಯಿತು. "ಆಗಲಿ ಮಾರಾಯ, ಬರುವ ವಾರ" ಎಂದು ಎದ್ದರು. ಬರುವ ವಾರ ಅವರು "ನನ್ನ ತಂಗಿ ಆಗ ಸಣ್ಣವಳು" ಎಂದರು. ನನಗೆ ಮುಧೋಳದ ನನ್ನ ಚಿಕ್ಕಮ್ಮ ಸಣ್ಣವಳಿದ್ದಾಗ ಹುಂಜದ ಬೆನ್ನುಹತ್ತಿ ಸಂತೆಯಲ್ಲಿ ಕಳೆದುಹೋದದ್ದು ನೆನಪಾಯಿತು. ಅದರ ಮುಂದಿನ ವಾರ ಅವರು "ಬಸ್ಸು" ಎಂದಷ್ಟೇ ಹೇಳಿದ ನೆನಪು. ಚಿಂಚೋಳಿಯ ಬಸ್ಸಿನ ಮೇಲೆ ನನ್ನ ಬಳಿ ನಾಲ್ಕು ಕಥೆಗಳಿದ್ದವು. ನಾಲ್ಕನ್ನೂ ಹೇಳಿದೆ. ಆಮೇಲೆ ಅವರು ಶುರುಮಾಡುವುದನ್ನೇ ಬಿಟ್ಟರು. ನಾನು ವ್ರತ ತೊಟ್ಟೆ. ವರ್ಷಗಳು ಉರುಳಿದವು. ನಡುನಡುವೆ ಭಾಂಡೆಯ ಮುಂದೆ ನನಗೆ ಎಚ್ಚರವಾಗಿ, 'ಈ ವಾರ ನಾನು ಬಾಯಿ ತೆರೆಯುವುದಿಲ್ಲ, ನೀವು ಹೇಳಬೇಕು' ಎಂದು ಸನ್ನೆಯಲ್ಲಿ ಆಣೆಮಾಡುತ್ತಿದ್ದೆ. ಅವರು ನಗುತ್ತಿದ್ದರು. ಬಾಯಿಯ ವಿಷಯದಲ್ಲಿ ಕೈ ಮಾಡುವ ಆಣೆಗೆ ಬೆಲೆಯೆಷ್ಟು!

ಒಂದು ಮಂಗಳವಾರ ಬೆಳಿಗ್ಗೆ ಅವರ ಕೈಯಿಂದ ಬೇಳೆ ಕುದಿಸುವ ಬೋಗುಣಿ ಬಿತ್ತು. ಇಡೀ ಮಠಕ್ಕೆ ಕೇಳುವಂಥ ಸದ್ದು. ನಾನು ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಜನ್ಮದಲ್ಲಿ ಮೊದಲ ಸಲ ಆ ಸನ್ನೆಯನ್ನು ಬೇರೆಯವರಿಗೆ ಮಾಡುವ ಅವಕಾಶ ಸಿಕ್ಕಿತ್ತಲ್ಲ, ತಮಾಷೆಗೆ ಮಾಡಿದೆ. ಅವರು ನನ್ನನ್ನೇ ನೋಡುತ್ತ ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಕುಸಿದರು. ಕಲಬುರಗಿಯ ಆಸ್ಪತ್ರೆಯಿಂದ ಮರಳುವಾಗ ಬಲಗೈ ಬಿದ್ದುಹೋಗಿತ್ತು, ಮಾತೂ ಹೋಗಿತ್ತು.

ಆಮೇಲಿನ ಭಾನುವಾರಗಳಲ್ಲಿ ಅವರನ್ನು ಕುರ್ಚಿಯಲ್ಲಿ ಕೂರಿಸಿ ಕಟ್ಟೆಯ ಬಳಿಗೆ ತರುತ್ತಿದ್ದೆವು. ನಾನು ಪಕ್ಕದಲ್ಲಿ ಬಾಯಿ ಮುಚ್ಚಿ ಕೂರುತ್ತಿದ್ದೆ, ಅವರ ತುಟಿ ನೋಡುತ್ತ. ಒಂದು ಶಬ್ದ ಬಂದರೂ ಹಿಡಿದುಕೊಳ್ಳಬೇಕೆಂದು. ನಮ್ಮ ಅಡುಗೆಯ ಶಾಂತಾಬಾಯಿಗೆ ಯಾವ ಮೌನವ್ರತವೂ ಇಲ್ಲ. ಅವಳು ಒಂದು ದಿನ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಏನ್ರಿ ಬ್ರದರ್, ನಾಲಿಗಿ ಎಲ್ಲಿ ಇಟ್ಟು ಬಂದೀರಿ?"

"ಅವರು ಏನರೆ ಹೇಳ್ತಾರೇನೋ ಅಂತ ಕುಂತೀನಿ ಬಾಯಿ."

"ಅವರಿಗೆ ಬಾಯಿ ಇದ್ದಾಗ ಬಿಡ್ಲಿಲ್ಲ, ಈಗ ಕುಂತೀರಿ. ಬಸ್ ಹೋದಮ್ಯಾಲ ಸೀಟಿಗೆ ಟವಲ್ ಹಾಕಾಕತ್ತೀರಿ ನೋಡ್ರಿ." ಬೈದಳು, ಆಮೇಲೆ ಅವಳೇ ಕಣ್ಣೊರೆಸಿಕೊಂಡು ಈನಾಸರ ಬಾಯಿಗೆ ಗಂಜಿ ಹಾಕಿದಳು.

ಮಳೆಗಾಲ ಮುಗಿಯುವ ಮುಂಚೆ ಅವರು ತೀರಿಕೊಂಡರು. ಮಣ್ಣಿಗೆ ಅವರ ತಂಗಿ ಲಿಲ್ಲಿಬಾಯಿ ಒಬ್ಬರೇ ಬಂದರು. ಅಣ್ಣನಷ್ಟೇ ಸಣ್ಣ ದೇಹ, ಅದೇ ಕೆಮ್ಮು. ಮರುದಿನ ಅವರನ್ನು ವಾಡಿ ಜಂಕ್ಷನ್ನಿಗೆ ಮುಟ್ಟಿಸುವ ಕೆಲಸ ನನ್ನದು. ರೈಲು ತಡ. ಕಲ್ಲಿನ ಬೆಂಚಿನ ಮೇಲೆ ಕೂತಾಗ ಅವರು ಕೇಳಿದರು.

"ಬ್ರದರ್, ಅಣ್ಣ ಯಾಕೆ ಮನೆ ಬಿಟ್ಟು ಹೋದದ್ದು? ನಮಗೆ ಯಾರಿಗೂ ಗೊತ್ತಿಲ್ಲ. ಅಪ್ಪ ಸಾಯುವವರೆಗೂ ಅದನ್ನೇ ಕೇಳ್ತಿದ್ರು. ನಿಮಗೆ ಹೇಳಿರ್ಬೇಕು. ಕ್ರಿಸ್ಮಸ್ಸಿಗೆ ಫೋನ್ ಮಾಡಿದಾಗೆಲ್ಲ ನಿಮ್ಮದೇ ಸುದ್ದಿ. ಇಲ್ಲಿ ಶೌರಪ್ಪ ಅಂತ ಒಬ್ಬ ಇದ್ದಾನೆ, ಅವನಿದ್ದರೆ ನನಗೆ ಬೇಜಾರಿಲ್ಲ ಅಂತ."

ನಾನು ಕಥೆ ಕಟ್ಟುವವ. ಆ ಒಂದು ಕ್ಷಣದಲ್ಲಿ ನಂಬುವಂಥ ಒಂದು ಕಥೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದರಲ್ಲಿ ದೇವರ ಕರೆಯಿತ್ತು, ತಂದೆಗೆ ಕ್ಷಮೆಯಿತ್ತು. ನುಂಗಿಕೊಂಡೆ.

"ಹೇಳಬೇಕಂದಿದ್ರು, ಅಮ್ಮ. ನಾನೇ ಹೇಳಾಕ ಬಿಡ್ಲಿಲ್ಲ."

ಅವರು ಹಳಿಗಳ ಕಡೆ ತಿರುಗಿದರು. ಬೈಯಲಿಲ್ಲ. ಆಮೇಲೆ ತಮ್ಮಷ್ಟಕ್ಕೆ ಎಂಬಂತೆ ಶುರುಮಾಡಿದರು. "ಆ ದಿನ ಮಳೆ ಬರ್ತಿತ್ತು. ಬಸ್ಸಿನವರೆಗೆ ನಾನೇ ಜೊತೆಗೆ ಹೋದದ್ದು..."

ಮಳೆ. ದೇವರಾಣೆಗೂ ಹೇಳುತ್ತೇನೆ, ಆ ಹೊತ್ತಿನಲ್ಲೂ ನನ್ನ ಗಂಟಲಿನ ತನಕ ಬಂದದ್ದು ಕುರಕುಂಟಾದ ಮಾವನ ಹೊರಸು. ತುಟಿಯ ಮೇಲೆ ಬೆರಳಿಟ್ಟುಕೊಂಡೆ, ನನಗೆ ನಾನೇ. ಅವರು ಹೇಳುತ್ತ ಹೋದರು. ಕೊಡೆ ಒಂದೇ ಇದ್ದದ್ದು, ಅಣ್ಣ ಅದನ್ನು ಇವರ ಕೈಗೆ ಕೊಟ್ಟು ತಾನು ನೆನೆಯುತ್ತ ಬಸ್ಸು ಹತ್ತಿದ್ದು, ಕಿಟಕಿಯಿಂದ ಏನೋ ಕೂಗಿ ಹೇಳಿದ್ದು, ಮಳೆಯ ಸದ್ದಿಗೆ ಅದು ಇವರಿಗೆ ಕೇಳಿಸದೆ ಹೋದದ್ದು. ಅಷ್ಟರಲ್ಲಿ ರೈಲು ಬಂತು. ಹತ್ತಿಸಿ, ಚೀಲ ಒಳಗಿಟ್ಟು ಬಂದೆ.

ಆ ಭಾನುವಾರ ಕಟ್ಟೆಯ ಮೇಲೆ ನಾಲ್ಕು ಜನ ಕುಳಿತೆವು. "ತಂಗಿ ಏನಂದ್ರು ಶೌರಪ್ಪ?" ಎಂದರು ಫಾದರ್. "ಈನಾಸರು ಮನಿ ಬಿಟ್ಟ ದಿನ ಮಳಿ ಬರಾಕತ್ತಿತ್ತಂತ" ಎಂದು ಶುರುಮಾಡಿ, ಬಸ್ಸು ಹೋದಲ್ಲಿಯವರೆಗೆ ಹೇಳಿದೆ. ನಡುವೆ ಯಾರೂ ಬಾಯಿ ಹಾಕಲಿಲ್ಲ. ಮುಂದಿನದು ನನಗೆ ಗೊತ್ತಿರಲಿಲ್ಲ. ಗಂಟೆಗೆ ಇನ್ನೂ ಅರ್ಧ ತಾಸು ಉಳಿದಿತ್ತು.