ಎಂಟನೆಯ ಸಾಲನ್ನು ತಿಂದ ಹುಳು ಮಹಾಶಯರಿಗೆ

ಮಾನ್ಯ ಹುಳು ಮಹಾಶಯರೇ,

ತಾವು ಮರಳಿನಡಿಯಲ್ಲಿ ಪುಡಿಯಾಗಿ ಉಳಿದಿದ್ದರೂ ಸರಿ, ಆ ಪುಡಿಯೂ ಉಳಿಯದೆ ಗಾಳಿಗೆ ಸೇರಿದ್ದರೂ ಸರಿ, ತಮ್ಮ ಊಟದಲ್ಲಿ ಮಿಕ್ಕಿದ್ದನ್ನು ಓದಿ ಜೀವನ ಸಾಗಿಸುತ್ತಿರುವ ಈ ಹೆಂಗಸಿನ ದೀರ್ಘದಂಡ ನಮಸ್ಕಾರಗಳನ್ನು ಒಪ್ಪಿಸಿಕೊಳ್ಳಬೇಕಾಗಿ ವಿನಂತಿ. ತಾವು ಗಂಡೋ ಹೆಣ್ಣೋ ತಿಳಿಯದೆ ಮಹಾಶಯರೇ ಎಂದುಬಿಟ್ಟಿದ್ದೇನೆ. ತಪ್ಪಾಗಿದ್ದರೆ ಮನ್ನಿಸಿ, ಆದರೆ ಇಷ್ಟು ಅಡ್ಡಾದಿಡ್ಡಿ ಉಂಡು ಎಲ್ಲವನ್ನೂ ಹಾಗೇ ಬಿಟ್ಟು ಎದ್ದುಹೋಗಿರುವುದನ್ನು ನೋಡಿದರೆ ನನಗಂತೂ ಅನುಮಾನವಿಲ್ಲ.

ಜೊಂಡಿನ ಹಾಳೆಯ ಮೇಲೆ, ಅಂದರೆ ಪಪೈರಸ್ ಮೇಲೆ, ಪ್ರಾಚೀನ ಗ್ರೀಕ್ ಭಾಷೆಯಲ್ಲಿ ಬರೆದದ್ದನ್ನು ಓದುವುದು ನನ್ನ ಕಸುಬು. ನಮ್ಮ ಯಜಮಾನರದೂ ಅದೇ ಕಸುಬು. ಒಂದೇ ಕೋಣೆ, ಒಂದೇ ಮೇಜು, ಎದುರುಬದುರು ಕುರ್ಚಿ. ದೀಪ ಯಾರ ಕಡೆಗೆ ತಿರುಗಬೇಕೆಂಬುದು ನಮ್ಮ ದಾಂಪತ್ಯದ ಹಳೆಯ ಪ್ರಶ್ನೆ. ಎರಡು ಗಾಜುಗಳ ನಡುವೆ ಮಲಗಿರುವ ಮೊಳದುದ್ದದ ಪತ್ರವೊಂದನ್ನು ಇಬ್ಬರೂ ಸೇರಿ ಓದಿ ಅಚ್ಚಿಗೆ ಕೊಡಬೇಕಾಗಿದೆ. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಒಬ್ಬ ಹೆಂಡತಿ ದೂರದೂರಿನಲ್ಲಿ ದುಡಿಯುತ್ತಿದ್ದ ಗಂಡನಿಗೆ ಬರೆದ ಪತ್ರವದು. ಅಕ್ಷರವೋ ಕೋಳಿ ಕೆದಕಿದ ಹಾಗಿದೆ. ಪದಗಳ ನಡುವೆ ಜಾಗ ಬಿಡುವ ರೂಢಿಯೂ ಆ ಕಾಲದಲ್ಲಿ ಇರಲಿಲ್ಲವಾದ್ದರಿಂದ ಎಲ್ಲಿ ಉಸಿರೆಳೆದುಕೊಳ್ಳಬೇಕೆಂದೂ ಗೊತ್ತಾಗುವುದಿಲ್ಲ. ಆದರೂ ಬಿಡದೆ ಓದಿದೆವು. ಮಗು ನಡೆಯಲು ಕಲಿತಿದೆಯಂತೆ, ಅತ್ತೆ ಮಾತು ಬಿಟ್ಟಿದ್ದಾರಂತೆ, ಅದೂ ಒಂದು ಪುಣ್ಯವೇ ಅಂತೆ. ಕೊನೆಯಲ್ಲಿ, ಕಳಿಸುತ್ತೇನೆಂದ ಎಣ್ಣೆಯ ಜಾಡಿ ಏನಾಯಿತೆಂಬ ತಗಾದೆ. ನಡುವೆ, ಎಂಟನೆಯ ಸಾಲಿನಲ್ಲಿ, ನೀವು ಇನ್ನೂ ಅಲ್ಲೇ ಇರುವುದಾದರೆ ನಾನು, ಎಂದು ಆಕೆ ಬರೆದಿದ್ದಾಳೆ. ಅಲ್ಲಿಂದ ಮುಂದೆ ತಮ್ಮ ಊಟ.

ಮಹಾಶಯರೇ, ತಿನ್ನಲು ಸುತ್ತಲೂ ಅಂಚಿತ್ತು, ಹಾಳೆಯ ಬೆನ್ನು ಪೂರ್ತಿ ಖಾಲಿಯಿತ್ತು, ಬೇಕಿದ್ದರೆ ಆ ಅತ್ತೆಯ ಸಾಲಿತ್ತು, ಅದು ಹೋಗಿದ್ದರೆ ಯಾರೂ ಅಳುತ್ತಿರಲಿಲ್ಲ. ಅದನ್ನೆಲ್ಲ ಬಿಟ್ಟು ಹೆಂಡತಿಯೊಬ್ಬಳು ಏನು ಮಾಡುತ್ತೇನೆ ಎಂದಳೋ ಆ ಒಂದೇ ಮಾತನ್ನು ಹುಡುಕಿ ನುಂಗಿದಿರಲ್ಲ, ತಮ್ಮ ನಾಲಿಗೆಗೆ ಶರಣು.

ನಮ್ಮ ವಿದ್ಯೆಯಲ್ಲಿ ಒಂದು ಅನುಕೂಲವಿದೆ. ಹಾಳೆಯಲ್ಲಿ ಇಲ್ಲದ್ದನ್ನು ಹೀಗೆ ಇದ್ದಿರಬಹುದೆಂದು ಊಹಿಸಿ ಚೌಕ ಆವರಣದೊಳಗೆ ತುಂಬಬಹುದು. ನಮ್ಮ ಯಜಮಾನರು ಅದರೊಳಗೆ 'ಕಾಯುತ್ತೇನೆ' ಎಂದು ಬರೆದರು. ನಾನು ಅದನ್ನು ಹೊಡೆದುಹಾಕಿ 'ತವರಿಗೆ ಹೋಗುತ್ತೇನೆ' ಎಂದು ಬರೆದೆ. ವಿದ್ವಾಂಸರ ಭಿನ್ನಾಭಿಪ್ರಾಯ ಎಂದು ತಾವು ತಿಳಿದರೆ ತಮ್ಮಂಥ ಮುಗ್ಧರು ಇನ್ನೊಬ್ಬರಿಲ್ಲ. ದೂರದ ಗ್ರಂಥಾಲಯವೊಂದು ನಮ್ಮ ಯಜಮಾನರನ್ನು ಮೂರು ವರ್ಷದ ಕೆಲಸಕ್ಕೆ ಕರೆದಿದೆ, ಅವರೊಬ್ಬರನ್ನೇ. ಹೋಗಲಾ ಎಂದು ಅವರು ಕೇಳಿಲ್ಲ, ಹೋಗಬೇಡಿ ಎಂದು ನಾನು ಹೇಳಿಲ್ಲ, ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕು. ಅದನ್ನು ಮಾತಾಡುವುದು ಬಿಟ್ಟು ನಾವಿಬ್ಬರೂ ತಮ್ಮ ತೂತಿಗಾಗಿ ಹೊಡೆದಾಡಿಕೊಂಡೆವು. ಗಂಡನಿಗಾಗಿ ಕಾದ ಹೆಂಡತಿಯರ ಪತ್ರಗಳನ್ನೆಲ್ಲ ಅವರು ಹೊತ್ತು ತಂದರು, ಕಾದು ಕಾದು ತಲೆಕೆಟ್ಟು ಗಂಟುಮೂಟೆ ಕಟ್ಟಿ ಹೊರಟವರ ಪತ್ರಗಳನ್ನು ನಾನು ತಂದು ಗುಡ್ಡೆ ಹಾಕಿದೆ. ಫೋನು ಮಾಡಿದ ಮಗಳು, ಅಮ್ಮಾ ಆ ಹೆಂಗಸು ಸತ್ತು ಯಾವ ಕಾಲವಾಯ್ತು, ಬದುಕಿರೋರು ನೀವಿಬ್ಬರು ಮೊದಲು ಊಟ ಮಾಡಿ, ಎಂದು ಗದರಿದಳು.

ಅಷ್ಟರಲ್ಲಿ ಯಜಮಾನರಿಗೆ ಪತ್ರದಿಂದ ಉದುರಿದ ಚೂರುಗಳ ಡಬ್ಬಿಯಲ್ಲಿ ಉಗುರಿನಷ್ಟು ತುಣುಕೊಂದು ಸಿಕ್ಕಿತು. ಅದರ ಮೇಲೆ 'ಕಾಯುತ್ತೇನೆ' ಎಂದು, ಅನುಮಾನಕ್ಕೆ ಎಡೆಯಿಲ್ಲದಂತೆ, ಇತ್ತು. ಚಿಮಟದಲ್ಲಿ ಹಿಡಿದು ತಮ್ಮ ತೂತಿನೊಳಗೆ ಕೂರಿಸಿ, ಏನಂತೀಯ ಈಗ, ಎಂದು ಬೀಗಿದರು. ಅಯ್ಯೋ, ಆ ಮುಖವನ್ನು ತಾವು ನೋಡಬೇಕಿತ್ತು.

ಆಗ ನನ್ನ ಕೈಹಿಡಿದವರು ತಾವು, ಅದನ್ನು ಮರೆತರೆ ನನಗೆ ಒಳ್ಳೆಯದಾಗುವುದಿಲ್ಲ. ಪತ್ರವನ್ನು ಆಕೆ ಕೆಳಗಿನಿಂದ ಮೇಲಕ್ಕೆ ಸುರುಳಿ ಸುತ್ತಿದ್ದಳು. ತಾವು ಹೊರಗಿನಿಂದ ನೆಟ್ಟಗೆ ಒಳಗೆ ಕೊರೆದಿರಿ. ಹಾಗಾಗಿ ಒಂದೇ ತೂತು ಪ್ರತಿ ಸುತ್ತಿನಲ್ಲೂ ಬಂದಿದೆ, ಹೊರಸುತ್ತುಗಳಲ್ಲಿ ಅಗಲವಾಗಿ, ಒಳಗೆ ಹೋದಷ್ಟೂ, ಬಹುಶಃ ಹೊಟ್ಟೆ ತುಂಬುತ್ತಾ ಬಂದಿದ್ದರಿಂದ, ಕಿರಿದಾಗಿ. ತುಣುಕಿನ ಅಂಚಿನಲ್ಲಿದ್ದ ತಮ್ಮ ಹಲ್ಲಿನ ಗುರುತು ತೀರಾ ಕಿರಿದು. ಅದು ಎಂಟನೆಯ ಸಾಲಿನದ್ದಲ್ಲ, ಸುರುಳಿಯ ಒಳತಿರುಳಿನದ್ದು, ಅಂದರೆ ಕೊನೆಯ ಸಾಲಿನದ್ದು. ಆಕೆ ಕಾಯುತ್ತಿದ್ದದ್ದು ಗಂಡನಿಗಲ್ಲ ಮಹಾಶಯರೇ, ಎಣ್ಣೆಯ ಜಾಡಿಗೆ! ನಾನು ಕುಣಿಯುವುದೊಂದು ಬಾಕಿ.

ಯಜಮಾನರು ತುಣುಕನ್ನು ತಾವೇ ಎತ್ತಿ ಎಣ್ಣೆಯ ಪಕ್ಕದಲ್ಲಿಟ್ಟರು, ಎಷ್ಟಾದರೂ ಕೆಲಸದಲ್ಲಿ ಸುಳ್ಳು ಹೇಳುವವರಲ್ಲ. ಆಮೇಲೆ ಅಳತೆಪಟ್ಟಿ ಹಿಡಿದು ಎಂಟನೆಯ ಸಾಲಿನ ತೂತನ್ನು ಅಳೆದು, ನನ್ನ ಗ್ರೀಕ್ ಅಕ್ಷರಗಳನ್ನು ಎಣಿಸಿ, ನಿನ್ನ ತವರು ಇದರೊಳಗೆ ಹಿಡಿಸೋದಿಲ್ಲ ಕಣೇ, ಎಂದರು. ನಾನೂ ಅಳೆದೆ. ಹಿಡಿಸಲಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳಿವು. ತಿಂದ ಮಾತನ್ನು, ಯಾವ ಸ್ಥಿತಿಯಲ್ಲಿದ್ದರೂ ಸರಿ, ತೊಳೆದು ಒಣಗಿಸಿ ವಾಪಸು ಕಳಿಸುವುದು. ಅದಾಗದಿದ್ದರೆ ಅದರ ರುಚಿ ಸಿಹಿಯಿತ್ತೋ ಕಹಿಯಿತ್ತೋ ಅಷ್ಟನ್ನಾದರೂ ತಿಳಿಸುವುದು. ಮಿಕ್ಕಿದ್ದನ್ನು ನಾವು ಊಹಿಸಿಕೊಳ್ಳುತ್ತೇವೆ, ಅದಕ್ಕೇ ನಮಗೆ ಸಂಬಳ. ಅದೂ ಆಗದಿದ್ದರೆ ವಿದ್ವಾಂಸರ ಸಭೆಗೆ ಖುದ್ದಾಗಿ ದಯಮಾಡಿಸಿ ನಮ್ಮಿಬ್ಬರ ನಡುವಿನ ಕುರ್ಚಿಯನ್ನು ಅಲಂಕರಿಸುವುದು, ಆದರೆ ಕುರ್ಚಿಯನ್ನು ತಿನ್ನಕೂಡದು.

ಅವರ 'ಕಾಯುತ್ತೇನೆ'ಗೆ ಆಧಾರವಿಲ್ಲ, ನನ್ನ ತವರಿಗೆ ಜಾಗವಿಲ್ಲ, ಹಾಗಾಗಿ ಸದ್ಯಕ್ಕೆ ಆವರಣವನ್ನು ಖಾಲಿ ಬಿಟ್ಟೇ ಅಚ್ಚಿಗೆ ಕೊಡುವುದೆಂದು ಇಬ್ಬರೂ ಒಪ್ಪಿದ್ದೇವೆ. ಒಪ್ಪಿಕೊಂಡ ಮೇಲೆ ನನಗೆ ಅಳು ತಡೆಯಲಾಗಲಿಲ್ಲ. ಆ ತವರಿನ ಮಾತು ಅವಳದಲ್ಲ, ನನ್ನದು ಎಂದೆ. ನೀವು ಹೋಗಬೇಡಿ, ಎದುರಿನ ಕುರ್ಚಿ ಖಾಲಿಯಿದ್ದರೆ ನನಗೆ ಒಂದಕ್ಷರವೂ ಓದಲಾಗುವುದಿಲ್ಲ ಎಂದೆ. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇಷ್ಟು ಹೇಳೋದಕ್ಕೆ ಪಾಪ ಅವಳನ್ನ ಯಾಕೆ ಎಳೆದುತಂದೆ, ಎಂದರು. ಎದ್ದು ಹೋಗಿ ಕಾಫಿ ಮಾಡಿ ತಂದರು.

ತಮ್ಮ ಹಲ್ಲಿಗೆ ಋಣಿಯಾಗಿ, ತಮ್ಮ ಹಸಿವಿಗೆ ಶಾಪ ಹಾಕುತ್ತಾ,

ತಮ್ಮ ವಿಶ್ವಾಸಿ,
ಎಂಟನೆಯ ಸಾಲಿನಲ್ಲಿ ಸೋತ ಇಬ್ಬರಲ್ಲಿ ಒಬ್ಬಳು

ತಾಜಾ ಕಲಂ: ಗ್ರಂಥಾಲಯದವರ ಕರೆಪತ್ರ ಯಜಮಾನರ ಡ್ರಾಯರಿನಲ್ಲಿದೆ, ದಪ್ಪ ಕಾಗದ, ತಮ್ಮ ವಂಶದವರು ಯಾರಾದರೂ ದಯಮಾಡಿಸಿ ಸಹಿಯಿಂದಲೇ ಶುರು ಮಾಡಲಿ ಎಂದು ಬರೆಯಲು ಹೊರಟಿದ್ದೆ. ಈಗ ತೆರೆದು ನೋಡಿದರೆ ಅದು ನಾಲ್ಕು ಚೂರಾಗಿ ಬಿದ್ದಿದೆ. ಅಂಚುಗಳನ್ನು ಪರೀಕ್ಷಿಸಿದೆ, ಕಚ್ಚಿದ್ದಲ್ಲ, ಕೈಯಲ್ಲಿ ಹರಿದದ್ದು. ತಮ್ಮವರು ಬರುವ ಅಗತ್ಯವಿಲ್ಲ.