ಒಂದು ಮಾತೂ ಕೇಳದ ಸರ್ವರ್

ನನ್ನ ಗಂಡನಿಗೆ ಪ್ರಶ್ನೆ ಕೇಳುವ ಕಾಯಿಲೆ ಇದೆ. ಮದುವೆಯಾದ ಹದಿನೆಂಟು ವರ್ಷಗಳಲ್ಲಿ "ಟವೆಲ್ ಎಲ್ಲೈತೆ?" ಎಂಬ ಒಂದೇ ಪ್ರಶ್ನೆಯನ್ನು ನನಗೆ ಆರು ಸಾವಿರ ಸಲವಾದರೂ ಕೇಳಿದ್ದಾರೆ. (ಟವೆಲ್ ಆರು ಸಾವಿರ ಸಲವೂ ಅವರ ಹೆಗಲ ಮೇಲೇ ಇತ್ತು ಎಂದರೆ ಸುಳ್ಳಾದೀತು. ಒಂದೆರಡು ಸಲ ತಲೆಯ ಮೇಲಿತ್ತು.) ಇಂಥ ಮನುಷ್ಯ ಒಂದು ಮಾತೂ ಕೇಳದ ಯಂತ್ರವನ್ನು ತಯಾರು ಮಾಡಿ, ಅದರಿಂದ ನನ್ನ ಬಾಯಿಗೆ ಮಣ್ಣು ಬಿತ್ತು. ಯಾರ ಹತ್ತಿರ ಹೇಳಿಕೊಳ್ಳಲಿ? ನಿಮ್ಮ ಹತ್ತಿರವೇ ಹೇಳಿಕೊಳ್ಳುತ್ತೇನೆ.

ಇವರು, ಮಹಾಂತೇಶ್, ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಾರೆ. ಚನ್ನಗಿರಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಹೆಡ್ಡಾಫೀಸು. ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಂದೊಂದು ಬಾಡಿಗೆ ಕೋಣೆ. ಅಲ್ಲಿರುವ ಕಂಪ್ಯೂಟರುಗಳೆಲ್ಲ ಮುದಿಯಾದವು, ಸ್ವಂತ ಬುದ್ಧಿ ಇಲ್ಲ. ಬುದ್ಧಿಯೆಲ್ಲ ನಮ್ಮ ಮನೆಯ ಮೂಲೆಯಲ್ಲಿ ಕೂತಿರುವ ಸರ್ವರ್ ಎಂಬ ಕಬ್ಬಿಣದ ಪೆಟ್ಟಿಗೆಯದು. ಅದರ ಹೊಟ್ಟೆಯಲ್ಲಿ ನಲವತ್ತು ವರ್ಚುವಲ್ ಮಿಷನ್ನುಗಳು, ಅಂದರೆ ಕಣ್ಣಿಗೆ ಕಾಣದ ನಲವತ್ತು ಕಂಪ್ಯೂಟರುಗಳು. ಜಗಳೂರಿನ ಹುಡುಗಿ ಅಲ್ಲಿ ಕೂತು ಕೀಲಿ ಒತ್ತಿದರೆ ಅವಳ ಕೆಲಸ ನಡೆಯುವುದು ಇಲ್ಲಿ, ನಮ್ಮ ಜೋಳದ ಹಿಟ್ಟಿನ ಡಬ್ಬದ ಪಕ್ಕದಲ್ಲಿ.

ಹೊಸ ಬ್ಯಾಚು ಬಂದಾಗಲೆಲ್ಲ ಈ ಪೆಟ್ಟಿಗೆಯನ್ನು ಮೊದಲಿನಿಂದ ಸಜ್ಜು ಮಾಡಬೇಕು. ಪೂರಾ ಎರಡು ದಿನದ ಕೆಲಸ. ಪೆಟ್ಟಿಗೆ ಇವರನ್ನು ಕೇಳುತ್ತದೆ: ಯಾವ ಭಾಷೆ, ಯಾವ ಡಿಸ್ಕು, ನಿಜವಾಗಿಯೂ ಮುಂದುವರಿಯಲೆ? ಇವರು ನನ್ನನ್ನು ಕೇಳುತ್ತಾರೆ: ಕನ್ನಡಕ ಎಲ್ಲಿ, ಟೀ ಎಲ್ಲಿ, ಟವೆಲ್ ಎಲ್ಲಿ? ಒಂದು ದಿನ ನನಗೆ ತಲೆ ಕೆಟ್ಟುಹೋಯಿತು.

"ಅದು ನಿಮ್ಮನ್ನ ಕೇಳೋದು, ನೀವು ನನ್ನ ಕೇಳೋದು, ಸಾಕಾಗೈತೆ ನಂಗೆ. ಯಾರನ್ನೂ ಏನೂ ಕೇಳ್ದಂಗೆ ಒಂದು ಕೆಲಸ ಮಾಡಾಕೆ ಬರಲ್ವೇನ್ರೀ ನಿಮಗೆ?"

ಹದಿನೆಂಟು ವರ್ಷದಲ್ಲಿ ನನ್ನ ಒಂದು ಮಾತನ್ನಾದರೂ ಅವರು ಮನಸ್ಸಿಗೆ ಹಚ್ಚಿಕೊಂಡರೆ ಅದು ಇದೇ. ತಿಂಗಳುಗಟ್ಟಲೆ ಕೂತು ಅದೇನೇನೋ ಬರೆದರು. ಕೊನೆಗೆ ಕೆಂಪು ದಾರ ಕಟ್ಟಿದ ಒಂದು ಪೆನ್ ಡ್ರೈವನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಇದನ್ನ ಸಿಗ್ಸಿ ಬಟನ್ ಒತ್ತಿದ್ರೆ ಮುಗೀತು ನೋಡೇ. ನಲವತ್ತು ಮಿಷನ್ ತಾನೇ ಹುಟ್ಟಿಸ್ತೈತೆ, ತಾನೇ ಹೆಸರಿಡ್ತೈತೆ. ಒಂದೇ ಒಂದು ಪ್ರಶ್ನೆ ಕೇಳಲ್ಲ! ಇದೇ ಈ ಮಿಷನ್ನಿನ ಜೀವ."

"ಗಂಡಸು ಅಂದ್ರೆ ಹಿಂಗಿರ್ಬೇಕು" ಎಂದೆ, ಪೆನ್ ಡ್ರೈವನ್ನೇ ನೋಡುತ್ತ. (ಸೃಷ್ಟಿಕಾರ್ಯಕ್ಕೆ ಮೊದಲು ಅದು ಇದ್ದಬದ್ದದ್ದನ್ನೆಲ್ಲ ಸಂಹಾರ ಮಾಡುತ್ತದೆ ಎಂದು ಅವರು ಬಿಡಿಸಿ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಳ್ಳುತ್ತಿರಲಿಲ್ಲ, ಒಳಗೆ ಒಗ್ಗರಣೆ ಸೀಯುತ್ತಿತ್ತು.)

ಈಗ ನನ್ನ ವಿಷಯಕ್ಕೆ ಬರುತ್ತೇನೆ. ನಮ್ಮೂರಿನ ಅಡಿಕೆ ಬೆಳೆಗಾರರ ಸಂಘವೊಂದರಲ್ಲಿ ಕಂಪ್ಯೂಟರ್ ಕೆಲಸಕ್ಕೆ ಒಬ್ಬರು ಬೇಕಾಗಿದ್ದರು. ವಯಸ್ಸಿನ ಮಿತಿ ಇಲ್ಲ, ಆದರೆ ತಾವೇ ಮಾಡಿದ ಒಂದು ಪ್ರಾಜೆಕ್ಟು ತಂದು ತೋರಿಸಬೇಕು. ನಲವತ್ತೊಂದನೇ ವಯಸ್ಸಿನಲ್ಲಿ ನಾನು ಗಂಡನದೇ ಕ್ಲಾಸಿಗೆ ಸೇರಿದೆ. ಹೆಗಲಿಗೆ ಬ್ಯಾಗು ಹಾಕಿಕೊಂಡು ಬೆಳಿಗ್ಗೆ ಮನೆಯಿಂದ ಹೊರಡಬೇಕು, ಸಂಜೆ ಬಂದು "ಉಸ್ಸಪ್ಪಾ, ಸುಸ್ತಾಯ್ತು" ಎಂದು ಕುರ್ಚಿಯಲ್ಲಿ ಕೂರಬೇಕು, ಆಗ ಬೇರೆ ಯಾರಾದರೂ ಟೀ ತಂದುಕೊಡಬೇಕು. ಇಷ್ಟೇ ನನ್ನ ಆಸೆ. ನಗಬೇಡಿ, ಆ ಆಸೆಗೆ ಹದಿನೆಂಟು ವರ್ಷ ತುಂಬಿದೆ.

ಆರು ತಿಂಗಳು ಒದ್ದಾಡಿ ಕಂಪ್ಯೂಟರಿನೊಳಗೇ ಒಂಬತ್ತು ಲೆಕ್ಕದ ಹಾಳೆಯ ಪ್ರಾಜೆಕ್ಟು ಕಟ್ಟಿದೆ. ಯಾವ ಸದಸ್ಯ ಎಷ್ಟು ಮೂಟೆ ತಂದ, ಅಡಿಕೆಯ ದರ್ಜೆ ರಾಶಿಯೋ ಬೆಟ್ಟೆಯೋ ಗೊರಬಲೋ, ಯಾವ ಗೋದಾಮಿನಲ್ಲಿದೆ, ಎಲ್ಲವೂ ಒಂದು ಕೀಲಿ ಒತ್ತಿದರೆ ಎದುರಿಗೆ ಬರುತ್ತಿತ್ತು. ಅದು ನಮ್ಮ ಪೆಟ್ಟಿಗೆಯೊಳಗೆ "ಚನ್ನಗಿರಿ ನಾಲ್ಕು" ಎಂಬ ಮಿಷನ್ನಿನಲ್ಲಿ ಸುಖವಾಗಿತ್ತು. ದಸರಾ ಮುಗಿದ ಸೋಮವಾರ ಸಂಘದಲ್ಲಿ ಆಯ್ಕೆ.

ಆಯುಧಪೂಜೆ ಬಂತು. ಇವರು ಬೆಳಿಗ್ಗೆಯೇ ಬೈಕ್ ಹತ್ತಿ ಹೊನ್ನಾಳಿ, ನ್ಯಾಮತಿ ಪೂಜೆ ಮುಗಿಸಿ ಜಗಳೂರಿಗೆ ಹೋದರು. ಹೆಡ್ಡಾಫೀಸಿನ ಪೂಜೆ ನನ್ನ ಮತ್ತು ನಮ್ಮತ್ತೆ ಕಸ್ತೂರಮ್ಮನವರ ಪಾಲಿಗೆ ಬಂತು. ಹಗಲೂರಾತ್ರಿ ಗುಂಯ್ ಎನ್ನುವ ಸರ್ವರನ್ನು ನೋಡಿ ಅತ್ತೆ ಮುಖ ಸಿಂಡರಿಸಿದರು.

"ಓಡೋ ಗಾಡಿಗೆ ಯಾರಾದ್ರೂ ವಿಭೂತಿ ಹಚ್ತಾರೇನೇ? ಮೊದ್ಲು ಆರ್ಸು ಅದನ್ನ."

ಹನ್ನೊಂದು ತಿಂಗಳಿಂದ ಒಂದು ದಿನವೂ ಆರದ ಯಂತ್ರವನ್ನು ಆರಿಸಿದೆ. ಒರೆಸಿ, ವಿಭೂತಿ ಹಚ್ಚಿ, ಸೇವಂತಿಗೆ ಹಾರ ಹಾಕಿದೆ. ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಕೂರುವಾಗ ಅಂಗಾಂಗ ಸಮೇತ ಕೂರಬೇಕು. ಗುದ್ದಲಿಗೆ ಕಾವು ಇರಬೇಕು, ಹೊಲಿಗೆ ಯಂತ್ರದ ಸೂಜಿಗೆ ದಾರ ಪೋಣಿಸಿರಬೇಕು, ಮಿಕ್ಸಿಗೆ ಜಾರು ಕೂರಿಸಿರಬೇಕು. ಮೇಜಿನ ಮೇಲೆ ಕೆಂಪು ದಾರದ ಪೆನ್ ಡ್ರೈವ್ ಒಂಟಿಯಾಗಿ ಬಿದ್ದಿತ್ತು. ಅಯ್ಯೋ, ಜೀವವನ್ನೇ ಹೊರಗಿಟ್ಟು ದೇಹಕ್ಕೆ ಪೂಜೆ ಮಾಡುತ್ತಿದ್ದೆನಲ್ಲ ಎಂದು ಕೆನ್ನೆ ಬಡಿದುಕೊಂಡು, ಅದಕ್ಕೂ ಒಂದು ಬೊಟ್ಟು ಇಟ್ಟು ಪೆಟ್ಟಿಗೆಗೆ ಸಿಗಿಸಿದೆ.

ಮಂಗಳಾರತಿಯಾಯಿತು. ಇವರಿಗೆ ಫೋನ್ ಮಾಡಿದೆ.

"ಮಿಷನ್ ಚಾಲು ಮಾಡ್ಲೇನ್ರೀ?"

"ಅದಕ್ಕೂ ನನ್ನ ಕೇಳ್ತೀಯಲ್ಲೇ! ಬಟನ್ ಒತ್ತು ಸಾಕು."

ಒತ್ತಿದೆ. ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಓಡಿದವು. ಅತ್ತೆ ಕೈ ಮುಗಿದು "ಮಂತ್ರ ಓಡ್ದಂಗೆ ಓಡ್ತೈತಲ್ಲೇ" ಎಂದರು. ನಾನೂ ಕೈ ಮುಗಿದೆ. ಅರ್ಧ ಗಂಟೆಯಲ್ಲಿ ನಲವತ್ತು ಹೆಸರುಗಳು ಸಾಲಾಗಿ ನಿಂತವು, ಪ್ರತಿಯೊಂದರ ಮುಂದೆ "ಸಿದ್ಧ" ಎಂದು ಬರೆದಿತ್ತು. ಚನ್ನಗಿರಿ ನಾಲ್ಕನ್ನು ತೆರೆದೆ. ಒಳಗೆ ಏನೂ ಇರಲಿಲ್ಲ. ಒಂಬತ್ತು ಹಾಳೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

ಮತ್ತೆ ಫೋನ್ ಮಾಡಿ ಕೂಗಾಡಿದೆ. ಬೇಜವಾಬ್ದಾರಿ ಎಂದೆ, ಹೆಂಡತಿ ನೌಕರಿ ಮಾಡುವುದು ಕಂಡರೆ ಹೊಟ್ಟೆಕಿಚ್ಚು ಎಂದೆ, ಇನ್ನೂ ಏನೇನೋ ಅಂದೆ. ಅವರು ಎಲ್ಲವನ್ನೂ ಕೇಳಿಸಿಕೊಂಡು, ಸಣ್ಣ ದನಿಯಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಪೆನ್ ಡ್ರೈವ್ ಯಾರು ಸಿಗ್ಸಿದ್ದು?"

ನಾನು ಫೋನ್ ಇಟ್ಟೆ.

ಸಂಜೆ ಬಂದವರು ಪೆಟ್ಟಿಗೆಯ ಮುಂದೆ ಕೂತು ಕೀಲಿ ಒತ್ತಿ ಹುಡುಕಿದರು. ಅಳಿಸಿದ ಜಾಗದ ಮೇಲೇ ಹೊಸದು ಕೂತಿದೆ, ಹಳೆಯದನ್ನು ಎತ್ತಲು ಆಗುವುದಿಲ್ಲ ಎಂದರು. ನಾಲ್ಕೂ ಊರಿನ ವಿದ್ಯಾರ್ಥಿಗಳಿಗೆ ಫೋನ್ ಮಾಡಿದರು. ಮೂವತ್ತೊಂಬತ್ತು ಜನರೂ ತಮ್ಮ ತಮ್ಮ ಕೆಲಸದ ಕಾಪಿಯನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದರು. ಪ್ರತಿ ಶುಕ್ರವಾರ ಕ್ಲಾಸಿನಲ್ಲಿ ಇವರು ಹಾಗೆ ಮಾಡಿಸುತ್ತಿದ್ದರಂತೆ.

"ನೀನೂ ಮಾಡಿದ್ದೀಯ ತಾನೆ?" ಎಂದರು.

ಮಾಡಿರಲಿಲ್ಲ. ಮೇಷ್ಟ್ರ ಹೆಂಡತಿ ನಾನು, ಯಂತ್ರವೇ ನನ್ನ ಮನೆಯಲ್ಲಿದೆ, ಆ ಹುಡುಗಿಯರ ಜೊತೆ ಸಾಲಿನಲ್ಲಿ ನಿಂತು ಕಾಪಿ ಮಾಡಿಕೊಳ್ಳುವ ದರ್ದು ನನಗೇನಿತ್ತು? ಆ ಹೊತ್ತಿನಲ್ಲಿ ಮೂಗೆತ್ತಿಕೊಂಡು ಅಡುಗೆಮನೆಗೆ ಹೋಗಿ ಬಿಡುತ್ತಿದ್ದೆ. ಇದನ್ನು ಹೇಳುವಾಗ ಅಳು ಬಂತು. ಅತ್ತೆಯ ಎದುರಿಗೇ ಅತ್ತೆ.

"ಯಾರ ಮುಂದೂ ಬಾಯಿ ಬಿಡ್ಬೇಡ್ರಿ. ಮೇಷ್ಟ್ರ ಹೆಂಡ್ತಿದೇ ಹೋತಂತೆ ಅಂತ ನಾಲ್ಕೂರು ಆಡ್ಕಂಡು ನಗ್ತಾವೆ."

"ಒಂದು ಮಾತು ಕೇಳಿ ನೋಡಾನ. ಯಾರ ಹತ್ರಾನಾದ್ರೂ ನಿಂದೊಂದು ಕಾಪಿ..."

"ಏನೂ ಕೇಳ್ಬೇಡ್ರಿ ಅಂದ್ನಲ್ಲ!"

ಅವರು ಕೇಳಲಿಲ್ಲ.

ಮೂರು ದಿನ ಕೂತು ಎರಡು ಹಾಳೆಯನ್ನು ಮತ್ತೆ ಕಟ್ಟಿದೆ. ಮೂರನೆಯದು ಏನು ಮಾಡಿದರೂ ಬರಲಿಲ್ಲ. ಸೋಮವಾರ ಅದನ್ನೇ ಹೊತ್ತುಕೊಂಡು ಹೋದೆ. ಸಂಘದವರು ಮರ್ಯಾದಸ್ಥರು, ಬೈಯಲಿಲ್ಲ, ನಗಲಿಲ್ಲ. "ಇದು ಇನ್ನೂ ಅರ್ಧ ಐತಲ್ಲಮ್ಮ" ಎಂದು ಮಾತ್ರ ಹೇಳಿ ಕಳಿಸಿದರು. ಇವರ ನ್ಯಾಮತಿ ಕ್ಲಾಸಿನ ರೂಪಶ್ರೀಗೆ ಕೆಲಸವಾಯಿತು. ಇಪ್ಪತ್ತೆರಡರ ಹುಡುಗಿ, ಆಗಾಗ ನಮ್ಮಲ್ಲಿನ ಕ್ಲಾಸಿಗೆ ಬಂದಾಗ ಬಾಯೇ ಬಿಡುತ್ತಿರಲಿಲ್ಲ. ಹೊಟ್ಟೆ ಉರಿಯಿತು, ನಿಜ ಹೇಳುತ್ತೇನೆ.

ಆ ವಾರವೇ ಅವಳು ಪೇಡೆ ಡಬ್ಬಿ ಹಿಡಿದು ಬಂದಳು. ನಾನೇ ಟೀ ಮಾಡಿ ತಂದುಕೊಟ್ಟೆ. ಕಪ್ಪನ್ನು ಪಕ್ಕಕ್ಕಿಟ್ಟವಳು ತಟಕ್ಕನೆ ಬಗ್ಗಿ ನನ್ನ ಕಾಲು ಮುಟ್ಟಿದಳು.

"ಅಕ್ಕಾ, ಈ ಕೆಲಸ ನೀವು ಕೊಟ್ಟಿದ್ದು."

"ನಾನೇನವ್ವಾ ಕೊಟ್ಟೆ?"

"ಸುಳ್ಳು ಹೇಳ್ಬೇಡ್ರಿ ಅಕ್ಕ, ನಿಮಗೆ ಗೊತ್ತೈತೆ. ಹಬ್ಬದ ಹಿಂದಿನ ವಾರ ಇಲ್ಲಿಗೆ ಬಂದಾಗ ನಿಮ್ಮ ಮಿಷನ್ನಿನಾಗೆ ಕೂತಿದ್ನಲ್ಲ, ಆಗ ನಿಮ್ಮ ಪ್ರಾಜೆಕ್ಟ್ ಕಾಪಿ ಮಾಡ್ಕಂಡಿದ್ದೆ. ನೋಡಿ ಕಲಿಯಾನ ಅಂತ. ಕಲಿಯಾಕೆ ಆಗ್ಲಿಲ್ಲ. ಹೆಸ್ರು ಬದಲಾಯ್ಸಿ ಹಂಗೇ ತೋರ್ಸಿಬಿಟ್ಟೆ."

ಒಳಕೋಣೆಯ ಬಾಗಿಲಲ್ಲಿ ನಿಂತಿದ್ದ ಇವರ ಬಾಯಿ ತೆರೆದೇ ಇತ್ತು. ನನ್ನ ಒಂಬತ್ತು ಹಾಳೆ, ನಾನು ಮೂರು ದಿನ ಅತ್ತ ಒಂಬತ್ತೂ ಹಾಳೆ, ನ್ಯಾಮತಿಯಲ್ಲಿ, ಒಂದು ಫೋನಿನಷ್ಟು ದೂರದಲ್ಲಿದ್ದವು.

"ಅವತ್ತು ಸಂಘದಾಗೆ ನಿಮ್ಮನ್ನ ನೋಡಿ ನನ್ನ ಜೀವ ಹೋದಂಗಾತು" ಎಂದಳು ರೂಪಶ್ರೀ. "ಒಂದೇ ಥರದ್ದು ಎರಡು ಬಂದ್ರೆ ಸಿಕ್ಕಾಕ್ಕಂತೀನಿ ಅಂತ. ನೀವು ನೋಡಿದ್ರೆ ನನ್ನ ಸಲುವಾಗಿ ಯಾವುದೋ ಅರ್ಧಂಬರ್ಧದ್ದು ತಂದು ತೋರ್ಸಿ ಎದ್ದು ಹೋದ್ರಿ. ಯಾರು ಮಾಡ್ತಾರಕ್ಕ ಈ ಕಾಲದಾಗೆ? ನಮ್ಮವ್ವಂಗೆ ಹೇಳಿದೆ, ದೇವ್ರಂಥೋರು ಅಂತ ಕೈ ಮುಗಿದ್ಲು."

ಜುಟ್ಟು ಹಿಡಿದು ಜಾಡಿಸಬೇಕು ಅನ್ನಿಸಿತು. ಈಗಲೇ ಸಂಘಕ್ಕೆ ಎಳೆದುಕೊಂಡು ಹೋಗಬೇಕು ಅನ್ನಿಸಿತು. ಆದರೆ ಹೋಗಿ ಏನೆಂದು ಹೇಳಲಿ? ವಿಭೂತಿ ಹಚ್ಚಿ, ಹಾರ ಹಾಕಿ, ನನ್ನ ಕೈಯಾರೆ ಅಳಿಸಿದೆ ಎನ್ನಲೆ? ಕಾಪಿ ಇಟ್ಟುಕೊಳ್ಳದ ಮೇಷ್ಟ್ರ ಹೆಂಡತಿಗಿಂತ ದೇವರಂಥವಳು ಎನ್ನಿಸಿಕೊಳ್ಳುವುದು ಎಷ್ಟೋ ವಾಸಿ. ಇವರು ಏನೋ ಹೇಳಲು ಹೊರಟರು. ಅವರ ಕಡೆ ಕಣ್ಣು ಬಿಟ್ಟೆ.

"ಇರ್ಲಿ ಬಿಡವ್ವ. ನೀನು ಚಿಕ್ಕೋಳು" ಎಂದೆ.

ಅವಳು ಕಣ್ಣೊರೆಸಿಕೊಂಡು, ಬ್ಯಾಗಿನಿಂದ ಪೆನ್ ಡ್ರೈವ್ ತೆಗೆದು ನನ್ನ ಕೈಗಿಟ್ಟಳು.

"ಅಕ್ಕಾ, ನಾಳೆಯಿಂದ ಡ್ಯೂಟಿ. ಇದ್ರಾಗೆ ಮೂರ್ನೇ ಹಾಳೆ ಏನು ಮಾಡಿದ್ರೂ ತಲೆಗೆ ಹತ್ತವಲ್ದು. ಒಂಚೂರು ಹೇಳ್ಕೊಡ್ರಿ."

ಕುರ್ಚಿ ಎಳೆದುಕೊಂಡು ಅವಳ ಪಕ್ಕದಲ್ಲಿ ಕೂತೆ. ನಾನೇ ಕಟ್ಟಿದ ಹಾಳೆ ಕಣ್ಣೆದುರಿಗೆ ಬಂದ ಕೂಡಲೇ ಮರೆತದ್ದೆಲ್ಲ ನೆನಪಾಯಿತು, ಮೂರನೆಯದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಟ್ಟೆ. ಮಧ್ಯದಲ್ಲಿ ಅವಳು ಇನ್ನೊಂದು ಟೀ ಕೇಳಿದಳು.